ಕೊಪ್ಪರಿಗೆಯ ಸುತ್ತ ಕೂತವರು

ಯಲ್ಲಾಪುರದ ಕಡೆಯ ಚಂದಗುಳಿಯ ಗಂಟೆ ಗಣಪತಿಗೆ ಹರಕೆ ಒಪ್ಪಿಸಿ, ತೂಗುಬಿಟ್ಟ ಸಾವಿರಾರು ಗಂಟೆಗಳ ಕೆಳಗಿಂದ ಹೊರಬಂದವರಿಗೆ ಮಾಘದ ಚಳಿಯಲ್ಲಿ ಈ ಸೀಮೆ ಇನ್ನೊಂದು ಪ್ರಸಾದವನ್ನೂ ಇಟ್ಟುಕೊಂಡಿರುತ್ತದೆ. ಯಲ್ಲಾಪುರ, ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಬೆಲ್ಲ ಕಾಯಿಸುವ ಆಲೆಮನೆ ಏಳುತ್ತದೆ. ನಾಲ್ಕು ಕಂಬ, ಸೋಗೆಯ ಮಾಡು, ನೆಲ ಅಗೆದು ಕಟ್ಟಿದ ಒಲೆ, ಮೇಲೆ ಅಗಲ ಬಾಯಿಯ ಕೊಪ್ಪರಿಗೆ. ಗೋಡೆ ಇಲ್ಲ, ಬಾಗಿಲಂತೂ ಇಲ್ಲವೇ ಇಲ್ಲ.

ಗಾಣದ ಬುಡದಲ್ಲಿ ಕೂತವನು ಕಬ್ಬು ಕೊಡುತ್ತಾನೆ. ಕೋಣಗಳು ಎಳೆಯುವ ಉದ್ದನೆಯ ಮರ ಸುತ್ತಿ ಸುತ್ತಿ ಅವನ ತಲೆಯ ಮೇಲಿಂದಲೇ ಹಾಯುತ್ತದೆ, ಅವನು ನೋಡದೆಯೇ ಬಾಗುತ್ತಾನೆ. ಹಸಿರುಬೂದು ಬಣ್ಣದ ಕಬ್ಬಿನ ಹಾಲು ನೊರೆಯೊಂದಿಗೆ ಪಾತ್ರೆಗೆ ಇಳಿಯುತ್ತದೆ. ಅಲ್ಲಿಂದ ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ. ಚೂರು ಸುಣ್ಣ ಬಿದ್ದೊಡನೆ ಕೊಳೆಯೆಲ್ಲ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆದು ಚೆಲ್ಲುತ್ತಾರೆ. ಮುಂದೆ ತಾಸುಗಟ್ಟಲೆ ಕುದಿ. ಐದಾರು ಕೊಡ ಹಾಲು ಇಂಗಿದರೆ ಒಂದು ಕೊಡ ಜೋನಿ ಬೆಲ್ಲ, ಅಂದರೆ ನೀರಾದ ಬೆಲ್ಲ. ಪಾಕ ಹಿಡಿಯುವ ಹಿರಿಯರಿಗೆ ಗುಳ್ಳೆಯ ಗಾತ್ರ ನೋಡಿದರೆ ಸಾಕು, ಬೆಂಕಿ ಹಿಂದೆಳೆಯುವ ಹೊತ್ತು ತಿಳಿಯುತ್ತದೆ. ಆ ಕಣ್ಣಿನ ಮೇಲೆ ನನಗೆ ಅಪಾರ ಗೌರವ. ಒಂದೇ ಕ್ಷಣ ತಪ್ಪಿದರೆ ಇಡೀ ಅಡಿಗೆ ಸೀಯುತ್ತದೆ.

ದಾರಿಯಲ್ಲಿ ಹೋಗುವವರನ್ನು ಸುಮ್ಮನೆ ಬಿಡುವುದಿಲ್ಲ. "ಬಾ ತಮಾ, ಹಾಲು ಕುಡ್ದಿಕ್ಕಿ ಹೋಗು." ಒಂದು ಲೋಟ ಮುಗಿಯುವಷ್ಟರಲ್ಲಿ ಚೊಂಬು ಮತ್ತೆ ಬಂದಿರುತ್ತದೆ. "ಇನ್ನೊಂದು ಲೋಟ ಅಡ್ಡಿಲ್ಲೆ." ಜೊತೆಗೆ ಖಾರದ ಮಂಡಕ್ಕಿ, ಮಿರ್ಚಿ ಭಜೆ, ಖಾರ ನಾಲಿಗೆ ಸುಟ್ಟಷ್ಟೂ ಸಿಹಿಗೆ ಜಾಗ. ಒಲೆಯ ಬಾಯಿಯ ಹತ್ತಿರ, ಒಣ ಸಿಪ್ಪೆಯ ರಾಶಿಯ ಮೇಲೆ ಕೂತವರ ನಡುವೆ ಅಡಿಕೆ ದರ, ನಿನ್ನೆ ರಾತ್ರಿಯ ಯಕ್ಷಗಾನ, ಗಂಡು ನೋಡಲು ಹೊರಟವರ ಸುದ್ದಿ ಎಲ್ಲವೂ ಕುದಿಯುತ್ತವೆ. ಗದ್ದೆಯ ಒಡೆಯನೂ ಕಬ್ಬು ಹೊತ್ತು ತಂದವನೂ ಅದೇ ಸಿಪ್ಪೆಯ ಮೇಲೆ ಕೂರುತ್ತಾರೆ.

ಹೀಗೆ ಜನರನ್ನು ಸುತ್ತ ಕೂರಿಸುವ ಪಾನೀಯ ಬೇರೆಡೆಯೂ ಇದೆ. ಇಂಗ್ಲೆಂಡಿನ ಹಳೆಯ ಪಬ್ಬುಗಳಲ್ಲಿ ಪೀಪಾಯಿಯ ಏಲ್ ಎಂಬ ಬಿಯರ್ ಸಿಗುತ್ತದೆ. ಅದರ ಕೊನೆಯ ಹುದುಗು ನಡೆಯುವುದು ಪೀಪಾಯಿಯೊಳಗೇ. ಹೊರಗಿನ ಗ್ಯಾಸ್ ತುಂಬದೆ, ನೆಲಮಾಳಿಗೆಯ 11ರಿಂದ 13 ಡಿಗ್ರಿ ತಂಪಿನಿಂದ ಕೈಪಂಪಿನಲ್ಲಿ ಎತ್ತಿ ಕೊಡುತ್ತಾರೆ. ಪೀಪಾಯಿ ತೆರೆದ ಮೇಲೆ ಮೂರು ದಿನ ದಾಟಿದರೆ ರುಚಿ ಕೆಡುತ್ತದೆ. ಹಾಗಾಗಿ ಕುಡಿಯಲು ಊರೇ ಬರಬೇಕು. ಕಾರ್ಖಾನೆಯ ಬಿಯರ್ ಅದನ್ನು ಮೂಲೆಗೆ ತಳ್ಳಿದಾಗ, ಉಳಿಸಿಕೊಳ್ಳಲೆಂದು 1971ರಲ್ಲಿ ಕ್ಯಾಮ್ರಾ ಎಂಬ ಬಳಕೆದಾರರ ಸಂಘಟನೆಯೇ ಹುಟ್ಟಿತು.

ನಮ್ಮ ಕಬ್ಬಿನ ಹಾಲಿಗೆ ಮೂರು ದಿನವೂ ಇಲ್ಲ. ಸಂಜೆ ಹಿಂಡಿದ್ದು ಮರುದಿನಕ್ಕೆ ಹುಳಿ. ಆ ಅಲ್ಪಾಯುಷ್ಯವೇ ಆಲೆಮನೆಯ ಜೀವ. ಕೂಡಿಡಲು ಬಾರದ್ದನ್ನು ಹಂಚಲೇಬೇಕು, ಹಂಚಬೇಕೆಂದರೆ ಜನ ಸೇರಬೇಕು. ಪಬ್ಬಿನಲ್ಲಿ ಲೋಟಕ್ಕೆ ಲೆಕ್ಕವಿದೆ, ಇಲ್ಲಿ ಬಂದವರಿಗೆ ಬೆಲೆ ಕಟ್ಟುವುದಿಲ್ಲ. ನೆರೆಮನೆಗಳಿಗೂ ಕೊಡದಲ್ಲಿ ಹಾಲು ಹೋಗುತ್ತದೆ, ಅಲ್ಲಿ ಕವುಚಿ ಇಟ್ಟ ಮಡಕೆಯ ಮೇಲೆ ಅಕ್ಕಿಹಿಟ್ಟಿನೊಡನೆ ಸವರಿಸಿಕೊಂಡು ತೊಡದೇವು ಎಂಬ ತೆಳ್ಳನೆಯ ಸಿಹಿತಿಂಡಿ ಆಗುತ್ತದೆ.

ಈಗ ಬಹಳ ಕಡೆ ಕೋಣದ ಬದಲು ಎಂಜಿನ್ ಗುಡುಗುತ್ತದೆ. ನನಗೆ ಅದರ ಬಗ್ಗೆ ತಕರಾರಿಲ್ಲ. ಮಾತು ತುಸು ಜೋರಾಗಿ ಆಡಿದರಾಯಿತು. ಚಿಂತೆ ಇರುವುದು ಗದ್ದೆಯದ್ದು. ಕಬ್ಬು ನಿಂತಿದ್ದಲ್ಲಿ ಅಡಿಕೆ ಸಸಿ ಏಳುತ್ತಿದೆ, ಉಳಿದ ಕಬ್ಬಿಗೆ ಹಂದಿ, ಮಂಗ. ಪೇಟೆಗಳಲ್ಲಿ ಆಲೆಮನೆ ಹಬ್ಬ ನಡೆಸುತ್ತಾರೆ, ಜನವೂ ಸೇರುತ್ತಾರೆ, ಸಂತೋಷವೇ. ಆದರೆ ಹೋಗುವುದಾದರೆ ಹಳ್ಳಿಗೇ ಹೋಗಿ, ಕತ್ತಲಾದ ಮೇಲೆ ಹೋಗಿ. ಶುಂಠಿ, ಲಿಂಬೆ ಎರಡನೇ ಲೋಟಕ್ಕಿರಲಿ. ಮೊದಲನೆಯದನ್ನು ಗಾಣದಿಂದ ಇಳಿದ ಹಾಗೆಯೇ, ನೊರೆ ಸಮೇತ ಕುಡಿಯಿರಿ.