ಎಸ್.ಎಸ್.ಎಲ್.ಸಿ.ಯ ಆಚೆಗಿನ ಕಾಲೇಜುಗಳು

ಹೆಜ್ಜಾರ್ಲೆಗಳಿಗೂ ಬಣ್ಣದ ಕೊಕ್ಕರೆಗಳಿಗೂ ತನ್ನ ಮರಗಳನ್ನು ಬಿಟ್ಟುಕೊಟ್ಟು ಲೋಕಪ್ರಸಿದ್ಧವಾದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿಯೂ, ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದೊಡನೆ, ಮಕ್ಕಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂಬ ಚಿಂತೆ ಮನೆಮನೆಯನ್ನು ಹೊಗುವುದು ಸಹಜ. ಕಟ್ಟಡದ ವೈಭವವನ್ನೂ ಜಾಹೀರಾತಿನ ಆಡಂಬರವನ್ನೂ ಕಂಡು ನಿರ್ಧರಿಸುವ ತಂದೆತಾಯಿಗಳು, ಅಲ್ಲಿ ಪರೀಕ್ಷೆ ನಡೆಸುವವರಾರು, ಪದವಿ ನೀಡುವವರಾರು, ಅಧ್ಯಾಪಕರ ವೇತನವನ್ನು ಭರಿಸುವವರಾರು ಎಂಬುದನ್ನು ಮೊದಲು ವಿಚಾರಿಸಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಹತ್ತನೆಯ ತರಗತಿಯಾದ ಮೇಲೆ ಎರಡು ವರ್ಷದ ಪಿ.ಯು.ಸಿ.ಯೊಂದೇ ದಾರಿಯೆಂದು ಭಾವಿಸುವವರು ಹಲವರು. ಆದರೆ ಕೈಕಸುಬು ಕಲಿಸುವ ಐ.ಟಿ.ಐ. ಇದೆ, ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮ ಇದೆ, ಅದನ್ನು ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು.

ಪದವಿಯ ಮಟ್ಟದಲ್ಲಿ ಭೇದಗಳು ಸೂಕ್ಷ್ಮವಾಗುತ್ತವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಂದಿನಿಂದ ಈ ಸೀಮೆಯ ಕಾಲೇಜುಗಳು ಬಹುಕಾಲ ಅದರ ಆಶ್ರಯದಲ್ಲಿಯೇ ಬೆಳೆದುವು. ಸಂಯೋಜಿತ ಕಾಲೇಜು ಪಾಠ ಹೇಳುತ್ತದೆ; ಪಠ್ಯಕ್ರಮವೂ ಪರೀಕ್ಷೆಯೂ ವಿಶ್ವವಿದ್ಯಾನಿಲಯದವು. ಸ್ವಾಯತ್ತ ಕಾಲೇಜು ಪಠ್ಯವನ್ನು ತಾನೇ ರೂಪಿಸಿ ಪರೀಕ್ಷೆಯನ್ನೂ ತಾನೇ ನಡೆಸಿದರೂ ಪದವಿಪತ್ರ ವಿಶ್ವವಿದ್ಯಾನಿಲಯದ್ದೇ. 'ನಿತ್ಯಸಚಿವ'ರೆಂದು ಖ್ಯಾತರಾದ ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಕಟ್ಟಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಇಂದು ಈ ಬಗೆಯದು. ಪದವಿ ನೀಡುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಧ್ಯಾಪಕರಿಗೆ ಸರ್ಕಾರವೇ ವೇತನ ಕೊಡುತ್ತದೆ. ಅನುದಾನಿತ ಖಾಸಗಿ ಕಾಲೇಜಿಗೂ ವೇತನದ ನೆರವು ಸರ್ಕಾರದಿಂದ ಬರುತ್ತದೆ. ಅನುದಾನರಹಿತ ಸಂಸ್ಥೆ ನಿಲ್ಲುವುದು ಮುಖ್ಯವಾಗಿ ವಿದ್ಯಾರ್ಥಿಗಳ ಶುಲ್ಕದ ಮೇಲೆ. ಸರ್ಕಾರಿ ಕಾಲೇಜನ್ನು ಬೇರೆಲ್ಲಿಯೂ ಸೀಟು ಸಿಗದವರ ಆಶ್ರಯವೆಂದು ಕೀಳಾಗಿ ಕಾಣುವ ರೂಢಿ ನನಗೆ ಬಹಳ ನೋವು ತರುತ್ತದೆ. ಸಾಲವಿಲ್ಲದೆ ಪದವೀಧರರಾದ ಎಷ್ಟೋ ರೈತ ಕುಟುಂಬಗಳ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದುದು ಅಲ್ಲಿಯೇ.

ಬೇಸಾಯದ ಮನೆಯವರು ವಿಶೇಷವಾಗಿ ಅರಿಯಬೇಕಾದುದು ಕೃಷಿ ಕಾಲೇಜಿನ ವಿಷಯ. ಮಂಡ್ಯದ ವಿ.ಸಿ. ಫಾರಂನಲ್ಲಿಯೇ ಅಂಥದೊಂದು ಕಾಲೇಜಿರುವುದಲ್ಲದೆ, ಕೃಷಿ ಪದವಿಯ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಮೀಸಲಾತಿಯಿದೆ. ಅದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೊಂದನ್ನು ನಡೆಸುತ್ತಾರೆ. ಬಾಲ್ಯದಿಂದ ಗದ್ದೆಯಲ್ಲಿ ತಂದೆಯ ಜೊತೆ ದುಡಿದ ಮಗುವಿನ ಅರಿವಿಗೆ ಅಂಕ ದೊರೆಯುವ ಅಪೂರ್ವ ಪರೀಕ್ಷೆ ಇದು. ಕೊಕ್ಕರೆಗಳ ನಡುವೆಯೇ ಬೆಳೆದು, ಅವುಗಳ ಜೀವನಕ್ರಮವನ್ನು ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂಬ ಹಂಬಲವುಳ್ಳ ಬಾಲಕನಿಗೋ ಬಾಲಕಿಗೋ ಬಿ.ಎಸ್ಸಿ.ಯ ಪ್ರಾಣಿಶಾಸ್ತ್ರವೂ ಇದೆ, ಪೊನ್ನಂಪೇಟೆ ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯಗಳೂ ಇವೆ. ವೈದ್ಯಕೀಯಕ್ಕೆ ನೀಟ್, ಎಂಜಿನಿಯರಿಂಗಿಗೆ ಸಿ.ಇ.ಟಿ. ಎಂಬುದು ಈಗ ಎಲ್ಲರಿಗೂ ತಿಳಿದ ಮಾತು.

ಸಿ.ಇ.ಟಿ. ಮೂಲಕ ಸೀಟು ಬಯಸುವ ಹಳ್ಳಿಯ ಮಕ್ಕಳಿಗೆ ಒಂದು ವಿನಂತಿ: ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಶಾಲೆಯಲ್ಲಿ ಓದಿದವರಿಗೆ ಶೇಕಡಾ 15ರಷ್ಟೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5ರಷ್ಟೂ ಮೀಸಲಾತಿಯಿರುವುದರಿಂದ, ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿಕೊಂಡು, ಅರ್ಜಿಯ ಕಾಲ ಬರುವ ಮುನ್ನವೇ ಸಿದ್ಧವಾಗಿಟ್ಟುಕೊಳ್ಳಿರಿ.