ವೈಟ್‌ಫೀಲ್ಡ್‌ನ ಹೆಂಚಿನ ಬಂಗಲೆಗಳು: ವಾಸದ ಮನೆಯಿಂದ ಕಚೇರಿಯವರೆಗೆ

ವೈಟ್‌ಫೀಲ್ಡ್ ಪ್ರದೇಶದ ಹಳೆಯ ಹೆಂಚಿನ ಬಂಗಲೆಗಳನ್ನು ಕಚೇರಿಗಳಾಗಿ ಬಳಸಲು ಇಚ್ಛಿಸುವ ಮಾಲೀಕರು ಹಾಗೂ ಬಾಡಿಗೆದಾರರ ಅನುಕೂಲಕ್ಕಾಗಿ, ಈ ಕಟ್ಟಡಗಳ ಇತಿಹಾಸ, ರಚನೆ ಮತ್ತು ಬಳಕೆ ಬದಲಾಯಿಸುವಾಗ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

1882ರಲ್ಲಿ ಮಹಾರಾಜ ಹತ್ತನೆಯ ಚಾಮರಾಜ ಒಡೆಯರ್ ಅವರು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಭೂಮಿಯನ್ನು ನೀಡಿದರು. ಕೃಷಿಯನ್ನು ಆಧರಿಸಿದ ಈ ವಸಾಹತಿಗೆ ಸಂಘದ ಸ್ಥಾಪಕ ಡೇವಿಡ್ ಎಮ್ಯಾನುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಅವರ ಹೆಸರು ಬಂದಿತು. ಗ್ರಾಮವನ್ನು ವೃತ್ತಾಕಾರದಲ್ಲಿ ಯೋಜಿಸಲಾಗಿದ್ದು, ಇನ್ನರ್ ಸರ್ಕಲ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. 1990ರ ದಶಕದಲ್ಲಿ ಸಮೀಪದಲ್ಲಿಯೇ ಐಟಿಪಿಎಲ್ ತಲೆಯೆತ್ತಿದ ನಂತರ ಭೂಮಿಯ ಬೆಲೆ ಏರಿತು. ಅನೇಕ ಬಂಗಲೆಗಳು ನೆಲಸಮವಾದವು. ಉಳಿದವುಗಳಲ್ಲಿ ಕೆಲವು ವಾಣಿಜ್ಯ ಬಳಕೆಗೆ ಬಂದವು.

ರಚನೆಯ ವೈಶಿಷ್ಟ್ಯಗಳು

ಇಳಿಜಾರು ಮಾಡು, ಮುಂಭಾಗದ ತ್ರಿಕೋನಾಕಾರದ ಗೋಡೆ, ಅಗಲವಾದ ಜಗಲಿ ಮತ್ತು ಕಿಟಕಿಯ ಮೇಲೆ ಮಂಕಿ ಟಾಪ್ ಎಂದು ಕರೆಯಲಾಗುವ ಮರದ ಚೂಪು ಮುಂಚಾಚು ಈ ಬಂಗಲೆಗಳ ಮುಖ್ಯ ಲಕ್ಷಣಗಳು. ಮಾಡಿಗೆ ಮಂಗಳೂರು ಹೆಂಚನ್ನು ಹೊದಿಸಲಾಗಿದೆ. ಈ ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿತು.

ಇದೇ 1880ರ ದಶಕದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಶಿಂಗಲ್ ಶೈಲಿಯ ಮನೆಗಳು ನಿರ್ಮಾಣವಾದವು. ಅಲ್ಲಿ ಮರದ ತೆಳು ಬಿಲ್ಲೆಗಳನ್ನು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಬರುವಂತೆ ಮಾಡಿಗೂ ಗೋಡೆಗೂ ಹೊದಿಸಲಾಗುತ್ತಿತ್ತು. ಸಾಮಗ್ರಿ ಬೇರೆಯಾದರೂ ಇಳಿಜಾರು ಮಾಡು ಮತ್ತು ಜಗಲಿಗೆ ನೀಡಿದ ಪ್ರಾಧಾನ್ಯ ಎರಡೂ ಕಡೆ ಕಂಡುಬರುತ್ತದೆ. ಆ ಶೈಲಿಯ ಪ್ರಸಿದ್ಧ ನಿದರ್ಶನವಾದ, 1887ರಲ್ಲಿ ರೋಡ್ ಐಲೆಂಡ್‌ನ ಬ್ರಿಸ್ಟಲ್‌ನಲ್ಲಿ ಪೂರ್ಣಗೊಂಡ ಲೋ ಹೌಸ್ ಅನ್ನು 1962ರಲ್ಲಿ ಕೆಡವಲಾಯಿತು. ಕೆಡವುವ ಮುನ್ನ ಛಾಯಾಚಿತ್ರ ತೆಗೆದಿಟ್ಟುದರಿಂದ ಅದರ ಸ್ವರೂಪವಾದರೂ ದಾಖಲೆಯಲ್ಲಿ ಉಳಿದಿದೆ.

ಕಚೇರಿಯಾಗಿ ಬಳಸುವಾಗ

ಹಳೆಯ ವಾಸಗೃಹ ಕಚೇರಿಯಾಗಲು ಅದರ ರೂಪ ಕೆಡಲೇಬೇಕೆಂದಿಲ್ಲ. ಮೈಸೂರಿನ ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಕಾರ್ಯನಿರ್ವಹಿಸುತ್ತಿದ್ದು, ಕಟ್ಟಡವು ತನ್ನ ಘನತೆಯನ್ನು ಉಳಿಸಿಕೊಂಡಿದೆ.

ಹೆಂಚಿನ ಕಟ್ಟಡದಲ್ಲಿ ಬಿಸಿಗಾಳಿಯು ಮೇಲೇರಿ ಹೆಂಚುಗಳ ಸಂದಿನಿಂದ ಹಾಗೂ ಗವಾಕ್ಷಿಗಳಿಂದ ಹೊರಹೋಗುತ್ತದೆ. ಹವಾನಿಯಂತ್ರಣಕ್ಕಾಗಿ ಕೆಳಗೆ ಫಾಲ್ಸ್ ಸೀಲಿಂಗ್ ಅಳವಡಿಸಿದಲ್ಲಿ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ; ಪಕಾಸು, ರೀಪುಗಳು ಒಳಗೊಳಗೇ ಕೊಳೆತು ಮಾಡು ಕುಸಿಯುವ ಅಪಾಯವಿರುತ್ತದೆ. ಆದ್ದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸುವುದು ಸೂಕ್ತ:

1. ಮಾಡಿನ ತಪಾಸಣೆಗೆ ಸೀಲಿಂಗ್‌ನಲ್ಲಿ ತೆರೆಯುವ ಬಾಗಿಲನ್ನು ಇಡುವುದು. ಮಳೆಗಾಲಕ್ಕೆ ಮುನ್ನ ಒಡೆದ ಹೆಂಚುಗಳನ್ನು ಬದಲಾಯಿಸುವುದು.
2. ಜಗಲಿಯನ್ನು ಗಾಜು ಅಥವಾ ಗೋಡೆಯಿಂದ ಮುಚ್ಚದಿರುವುದು.
3. ಹೊಸ ವಿದ್ಯುತ್ ತಂತಿಗಳನ್ನು ಹಳೆಯ ಮರಕ್ಕೆ ತಾಗದಂತೆ ಕೊಳವೆಯೊಳಗೆ ಎಳೆಯುವುದು.
4. ಕೆಲಸ ಆರಂಭಿಸುವ ಮುನ್ನ ಕಟ್ಟಡದ ಅಳತೆ ನಕ್ಷೆ ಹಾಗೂ ಛಾಯಾಚಿತ್ರಗಳನ್ನು ಸಿದ್ಧಪಡಿಸಿಕೊಳ್ಳುವುದು.

ಅನುಮತಿಗಳು

ಭೂ ಉಪಯೋಗ ಬದಲಾವಣೆಯು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ಕ್ಕೆ ಒಳಪಟ್ಟಿರುತ್ತದೆ. ನಿವೇಶನವು ಯಾವ ವಲಯದಲ್ಲಿದೆ ಎಂಬುದನ್ನು ಯೋಜನಾ ಪ್ರಾಧಿಕಾರದಲ್ಲಿ ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಆಸ್ತಿ ತೆರಿಗೆ ಘೋಷಣೆಯಲ್ಲಿ ವಾಸೇತರ ಬಳಕೆಯೆಂದು ನಮೂದಿಸಬೇಕು. ವಿದ್ಯುತ್ ಸಂಪರ್ಕವನ್ನು ಬೆಸ್ಕಾಂ ಕಚೇರಿಯಲ್ಲಿ ವಾಣಿಜ್ಯ ವರ್ಗಕ್ಕೆ ಬದಲಾಯಿಸಿಕೊಳ್ಳಬೇಕು. ಬಾಡಿಗೆ ಕರಾರಿಗೆ ಸಹಿ ಹಾಕಿದ ನಂತರ ಅನುಮತಿ ದೊರೆಯದಿದ್ದಲ್ಲಿ ಉಭಯ ಪಕ್ಷಗಳಿಗೂ ನಷ್ಟವಾಗುವ ಸಂಭವವಿರುವುದರಿಂದ, ವಲಯದ ವಿವರವನ್ನು ಕರಾರಿಗೆ ಮುನ್ನವೇ ಪಡೆಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.