ಸುಣ್ಣದ ಗಾರೆ: ಹಳೆಯ ಕಟ್ಟಡಗಳ ದುರಸ್ತಿಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

ಹಂಪಿ, ಹೊಸಪೇಟೆ, ಕಂಪ್ಲಿ ಹಾಗೂ ಸಂಡೂರು ಪರಿಸರದಲ್ಲಿ ಹಳೆಯ ಕಟ್ಟಡಗಳ ದುರಸ್ತಿಗೆ ಅನುಮತಿ ಕೋರುವ ಸಾರ್ವಜನಿಕರು ಗೋಡೆಯ ಗಾರೆಯ ಸ್ವರೂಪವನ್ನು ಮೊದಲು ಅರಿತಿರುವುದು ಸೂಕ್ತ. ಹಂಪಿಯ ಕಮಲ ಮಹಲಿನ ಕಮಾನುಗಳಿಗೆ ಬಳಸಿರುವುದು ಸುಣ್ಣದ ಗಾರೆ.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು ನೀರಿನಲ್ಲಿ ಅರಳಿಸಿದಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಅತಿಸೂಕ್ಷ್ಮ ಹರಳುಗಳು ಉಂಟಾಗುತ್ತವೆ. ಇವುಗಳಲ್ಲಿ ಹಲವು ನ್ಯಾನೋ ಅಳತೆಯವು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ. ಯಾರೂ ಜೋಡಿಸದೆ ಈ ಹರಳುಗಳು ಮುಖಕ್ಕೆ ಮುಖ ತಾಗಿ ತಾವಾಗಿಯೇ ಗುಂಪುಗೂಡುತ್ತವೆ. ಅರಳಿದ ಸುಣ್ಣವನ್ನು ತಿಂಗಳುಗಟ್ಟಲೆ ನೀರಿನಲ್ಲಿರಿಸಿದಷ್ಟೂ ಹರಳುಗಳು ಸಣ್ಣವೂ ಚಪ್ಪಟೆಯೂ ಆಗಿ ಗಾರೆ ನುಣುಪಾಗುತ್ತದೆ. ಹಿಂದಿನ ಗಾರೆ ಕೆಲಸದವರ ತಾಳ್ಮೆ ನಿಷ್ಕಾರಣವಾಗಿರಲಿಲ್ಲ. ಗೋಡೆಗೆ ಬಳಿದ ನಂತರ ಇವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣದ ಕಲ್ಲಿನ ಹರಳುಗಳಾಗುತ್ತವೆ. ನೀರು ಆರಿದ ಎಡೆಗಳು ರಂಧ್ರಗಳಾಗಿ ಉಳಿಯುತ್ತವೆ.

ಈ ರಂಧ್ರಗಳು ದೋಷವಲ್ಲ. ಗೋಡೆ ಹೀರಿದ ತೇವ ಇವುಗಳ ಮೂಲಕವೇ ಹೊರಹೋಗುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದಲ್ಲಿ ತೇವ ಸುಲಭವಾಗಿ ಹೊರಬರಲಾರದೆ, ಅದರಲ್ಲಿನ ಲವಣ ಒಳಗೇ ಹರಳುಗಟ್ಟಿ ಹಳೆಯ ಇಟ್ಟಿಗೆ ಪುಡಿಯಾಗತೊಡಗುತ್ತದೆ. ಹಾಗೆ ಹೋದ ಇಟ್ಟಿಗೆಯನ್ನು ಮರಳಿ ಪಡೆಯಲಾಗದು.

ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೂ ಮುಂಚೆ ಇದ್ದ ಕಟ್ಟಡಗಳ ದುರಸ್ತಿಗೆ ಮಾಲೀಕರು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಅರ್ಜಿಯೊಡನೆ ಗೋಡೆಯ ಈಗಿನ ಗಾರೆ ಯಾವುದು, ಬಳಸಲಿರುವುದು ಯಾವುದು ಎಂಬ ವಿವರವನ್ನೂ ನೀಡುವುದು ಒಳಿತು.